ಆಶಾ ಕಾರ್ಯಕರ್ತೆಯ ಹಾಳೆಯಲ್ಲಿ ಇಲ್ಲದ ಪ್ರಶ್ನೆ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಕೇರಿಗೆ ಆಶಾ ಕಾರ್ಯಕರ್ತೆ ಬಂದಿದ್ದರು. 30 ವರ್ಷ ದಾಟಿದವರ ತಪಾಸಣೆ ಹಾಳೆ ತುಂಬಿಸಿಕೊಳ್ಳಬೇಕಿತ್ತು. ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ನಿಲ್ಲಿಸಿ ಕುರ್ಚಿ ಕೊಟ್ಟೆ. ಸೊಂಟದ ಸುತ್ತಳತೆ ಬರೆಯಬೇಕಿತ್ತು, ಅವರ ಟೇಪಿನಲ್ಲಿ ಅಂಕಿ ಅಳಿಸಿಹೋಗಿತ್ತು. ನನ್ನ ಟೇಪನ್ನೇ ಕೊಟ್ಟೆ. ಆಮೇಲೆ ಒಂದೊಂದಾಗಿ ಕೇಳಿದರು. ತಂಬಾಕು ಹಾಕ್ತೀರಾ, ವಾರಕ್ಕೆ ಎಷ್ಟು ಹೊತ್ತು ನಡೀತೀರಾ, ತಂದೆ ತಾಯಿ ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯಾ.

ಇಲ್ಲ ಅಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು.

"ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಅಂತ ಕೇಳಲ್ವಾ?" ಎಂದೆ. ಪಾಪ, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಲ್ಲಿ ಆ ಪ್ರಶ್ನೆ ಇಲ್ಲ ಅಕ್ಕಾ" ಅಂದರು.

ಆ ಒಂದು ಪ್ರಶ್ನೆಗಾಗಿಯೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನನ್ನ ಅಪ್ಪ 2004ರಲ್ಲಿ ತೀರಿಕೊಂಡರು, ದೊಡ್ಡ ಕರುಳಿನ ಕ್ಯಾನ್ಸರ್. ಅವರಿಗೆ ಆಗ 52. ಖಾರ ಜಾಸ್ತಿ ತಿನ್ನುತ್ತಿದ್ದರು, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಅದಕ್ಕೇ ಬಂತು ಎಂದು ಎಲ್ಲರೂ ಹೇಳಿದರು. ನಾವೂ ನಂಬಿದೆವು. ಅಪ್ಪನ ತಂಗಿ, ನನ್ನ ಅತ್ತೆ, ಎರಡು ವರ್ಷದ ಮೇಲೆ ಹೋದರು. ಅವರಿಗೆ ಗರ್ಭಕೋಶದಲ್ಲಿ ಗಡ್ಡೆ ಎಂದಷ್ಟೇ ನಮಗೆ ಗೊತ್ತಿತ್ತು. ಅದು ಕ್ಯಾನ್ಸರ್ ಎಂಬ ಮಾತನ್ನು ಅವರ ಮನೆಯವರು ಹೊರಗೆ ಬಿಡಲಿಲ್ಲ. ಅಜ್ಜ ಇನ್ನೂ ಚಿಕ್ಕ ವಯಸ್ಸಿಗೆ ಹೊಟ್ಟೆಶೂಲೆ ಬಂದು ಹೋದರಂತೆ. ಮೂರು ಸಾವು, ಮೂರಕ್ಕೂ ಬೇರೆ ಬೇರೆ ಕಾರಣ ಹೇಳಿಕೊಂಡಿದ್ದೆವು.

ಆಮೇಲೆ ಅಣ್ಣ. ಲಗೇಜ್ ಆಟೋ ಓಡಿಸುತ್ತಿದ್ದ. ಅವನ ಪ್ಯಾಂಟು ಶರ್ಟು ಯಾವಾಗಲೂ ನಾನೇ ಹೊಲಿಯುವುದು. ನನ್ನ ಅಳತೆ ಪುಸ್ತಕದಲ್ಲಿ ಅವನಿಗೆ ಒಂದು ಪುಟ ಇದೆ. 2016ರ ದೀಪಾವಳಿಗೆ ಸೊಂಟ 36. 2017ರ ಯುಗಾದಿಗೆ 34. "ಟೈಟ್ ಮಾಡಿಕೊಡು, ಜಾರುತ್ತೆ" ಎಂದು ಅದೇ ಪ್ಯಾಂಟು ತಂದ. ಗೌರಿ ಹಬ್ಬದ ಹೊತ್ತಿಗೆ 31. ಒಂದೇ ಪ್ಯಾಂಟನ್ನು ಎರಡು ಸಲ ಬಿಚ್ಚಿ ಹಿಡಿಸಿದೆ. ಹಿಂದಿನ ಎರಡು ಜೇಬುಗಳು ಹತ್ತಿರ ಹತ್ತಿರ ಬಂದು ಒಂದಕ್ಕೊಂದು ತಾಗುವಂತಾದವು. ಚೆನ್ನಾಗಿ ಕಾಣಲ್ಲ, ಹೊಸದು ಹೊಲಿದುಕೊಡ್ತೀನಿ ಎಂದೆ. ಅಷ್ಟೇ ಹೇಳಿದ್ದು ನಾನು. ಟೇಪು ಹಿಡಿದು ಬರೆದುಕೊಂಡವಳೂ ನಾನೇ. ಆ ಪುಟವನ್ನು ಈಗಲೂ ತೆಗೆದು ನೋಡುತ್ತೇನೆ.

ಅವನಿಗೆ ಮಲದಲ್ಲಿ ರಕ್ತ ಕಾಣುತ್ತಿರಲಿಲ್ಲ. ಸುಸ್ತು ಮಾತ್ರ. ಗೋಣಿಚೀಲ ಎತ್ತಿದರೆ ಏದುಸಿರು. ತೋರಿಸಿದಲ್ಲಿ ರಕ್ತ ಕಡಿಮೆ ಇದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಐದು ತಿಂಗಳು ಅದನ್ನೇ ನುಂಗಿದ. 39 ವರ್ಷದ ಗಂಡಸಿಗೆ ರಕ್ತ ಯಾಕೆ ಕಡಿಮೆಯಾಯಿತು, ಎಲ್ಲಿ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ. ನಿಮ್ಮಪ್ಪ ಯಾವುದರಲ್ಲಿ ಹೋದರು ಎಂದೂ ಕೇಳಲಿಲ್ಲ. ಗಡ್ಡೆ ಇದ್ದದ್ದು ದೊಡ್ಡ ಕರುಳಿನ ಬಲಭಾಗದಲ್ಲಿ. ಅಲ್ಲಿ ಗಡ್ಡೆ ಆದರೆ ರಕ್ತ ಕಣ್ಣಿಗೆ ಕಾಣದ ಹಾಗೆ ದಿನಾ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಇದನ್ನು ನಾನು ಆಮೇಲೆ ಕಲಿತೆ. ಗೊತ್ತಾಗುವ ಹೊತ್ತಿಗೆ ಲಿವರಿಗೆ ಹಬ್ಬಿತ್ತು. 2019ರಲ್ಲಿ ಅಣ್ಣ ಹೋದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಮಾತ್ರ ವಯಸ್ಸು ನೋಡಿ, ಮನೆಯಲ್ಲಿ ಮತ್ತೆ ಯಾರಿಗೆ ಇತ್ತು ಎಂದು ಕೇಳಿದರು. ಆ ಪುಣ್ಯಾತ್ಮರಿಂದಲೇ ನಾನು ಇವತ್ತು ಈ ಪತ್ರ ಬರೆಯುತ್ತಿದ್ದೇನೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಲ್ಯಾಬಿನವರು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಬಣ್ಣ ಹಾಕಿ ನಾಲ್ಕು ಪ್ರೋಟೀನುಗಳು ಇವೆಯೋ ಇಲ್ಲವೋ ನೋಡುತ್ತಾರೆ. ಅಣ್ಣನದರಲ್ಲಿ ಎರಡು ಇರಲಿಲ್ಲ. ಆಮೇಲೆ ಅವನ ರಕ್ತ ತೆಗೆದು ಜೀನ್ ಪರೀಕ್ಷೆ ಮಾಡಿಸಿದರು. ಎಂಎಸ್‌ಎಚ್2 ಎಂಬ ಜೀನಿನಲ್ಲಿ ತೊಂದರೆ ಸಿಕ್ಕಿತು. ಈ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ.

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮೈಯೊಳಗೆ ಹಳೆಯ ಕೋಶದಿಂದ ಹೊಸ ಕೋಶ ಆಗುತ್ತಲೇ ಇರುತ್ತದೆ. ಪ್ರತಿ ಸಲ ಒಳಗಿನ ಬರಹವನ್ನು ನಕಲು ಮಾಡಬೇಕು. ನಕಲು ಮಾಡುವಾಗ ತಪ್ಪಾಗುತ್ತದೆ. ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುವ ಕೆಲಸಗಾರರು ಅಲ್ಲಿ ಇದ್ದಾರೆ. ಈ ಜೀನ್ ಅಂಥ ಒಬ್ಬ ಕೆಲಸಗಾರ. ಎಲ್ಲರಿಗೂ ಇದರ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಮ್ಮ ಮನೆಯಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದೆ. ಇನ್ನೊಂದು ಎಲ್ಲೋ ಒಂದು ಕೋಶದಲ್ಲಿ ಕೆಟ್ಟರೆ ಅಲ್ಲಿ ಬಿಚ್ಚಿ ಸರಿಮಾಡುವವರೇ ಇಲ್ಲ. ತಪ್ಪುಗಳು ಸೇರುತ್ತಾ ಹೋಗುತ್ತವೆ. ಸಾಮಾನ್ಯರಲ್ಲಿ ಕರುಳಿನ ಒಳಗೋಡೆಯಲ್ಲಿ ಏಳುವ ಪಾಲಿಪ್ ಎಂಬ ಸಣ್ಣ ಉಬ್ಬು ಕ್ಯಾನ್ಸರ್ ಆಗಲು ಹತ್ತು ವರ್ಷ ಹಿಡಿದರೆ, ಲಿಂಚ್ ಇರುವವರಲ್ಲಿ ಕೆಲವೊಮ್ಮೆ ಒಂದರಿಂದ ಮೂರೇ ವರ್ಷ ಸಾಕು. ಗರ್ಭಕೋಶ, ಅಂಡಾಶಯ, ಹೊಟ್ಟೆ, ಮೂತ್ರನಾಳಗಳಿಗೂ ಬರಬಹುದು. ಅತ್ತೆಯ ಕಾಯಿಲೆಯೂ ಅಪ್ಪನ ಕಾಯಿಲೆಯೂ ಒಂದೇ ಬೇರಿನವು ಎಂದು ನಮಗೆ ಗೊತ್ತಾಗಿದ್ದು ಅವರು ಹೋಗಿ ಹನ್ನೆರಡು ವರ್ಷದ ಮೇಲೆ. ವಂಶವೃಕ್ಷ ಬರೆದುಕೊಂಡು ಬನ್ನಿ ಎಂದು ಜೀನ್ ಸಲಹೆಗಾರ್ತಿ ಹೇಳಿದ್ದಕ್ಕೆ ಅತ್ತೆಯ ಮಗನಿಗೆ ಫೋನ್ ಮಾಡಿದೆ. ಆಗ ಅವನು ಕ್ಯಾನ್ಸರ್ ಎಂಬ ಪದ ಬಾಯಿಬಿಟ್ಟ. ಬೇರೆ ಹಾಳೆ ಸಿಗದೆ ಅಳತೆ ಪುಸ್ತಕದ ಕೊನೆಯ ಪುಟದಲ್ಲೇ ಮನೆತನವನ್ನೆಲ್ಲ ಬರೆದೆ.

ಆ ಪುಟ ನೋಡಿ ಸಲಹೆಗಾರ್ತಿ ನನಗೊಂದು ಸಂಗತಿ ಹೇಳಿದರು. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ಡಾಕ್ಟರಿದ್ದರು. ಅವರ ಮನೆಗೆ ಬಟ್ಟೆ ಹೊಲಿದುಕೊಡುವ ಹೆಂಗಸು ಒಂದು ದಿನ ಬೇಜಾರಿನಲ್ಲಿದ್ದಳಂತೆ. ಯಾಕೆ ಎಂದು ಕೇಳಿದ್ದಕ್ಕೆ, ನಾನೂ ಬೇಗ ಸಾಯುತ್ತೇನೆ, ನಮ್ಮ ಮನೆಯವರೆಲ್ಲ ಹೊಟ್ಟೆಯ, ಕರುಳಿನ, ಗರ್ಭಕೋಶದ ಕ್ಯಾನ್ಸರಿನಲ್ಲೇ ಹೋಗುತ್ತಾರೆ ಎಂದಳು. ಆ ಡಾಕ್ಟರು ಅವಳ ಮಾತನ್ನು ತಳ್ಳಿಹಾಕಲಿಲ್ಲ. ಅವಳ ಮನೆತನದ ಲೆಕ್ಕ ಬರೆದರು, 1913ರಲ್ಲಿ ಪ್ರಕಟಿಸಿದರು. ಅವಳು ಹೇಳಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ಹೋದಳು. ಹೆನ್ರಿ ಲಿಂಚ್ ಎಂಬ ಡಾಕ್ಟರು 1966ರಲ್ಲಿ ಇಂಥದೇ ಮನೆತನಗಳ ಬಗ್ಗೆ ಬರೆದರು. ಅವರ ಹೆಸರೇ ಈ ಸ್ಥಿತಿಗೆ ಬಂತು. ಜೀನುಗಳು ಸಿಕ್ಕಿದ್ದು 1993ರಿಂದ ಈಚೆಗೆ. ಒಬ್ಬ ಹೊಲಿಗೆಯವಳು ತನ್ನ ಮನೆಯ ಸಾವುಗಳನ್ನು ಎಣಿಸಿ ಹೇಳಿದ್ದು ಸರಿ ಎಂದು ತಿಳಿಯಲು ಸುಮಾರು ನೂರು ವರ್ಷ ಹಿಡಿಯಿತು. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನೆಯಲ್ಲಿ ಒಬ್ಬರಲ್ಲಿ ಜೀನ್ ಗುರುತು ಸಿಕ್ಕರೆ ಉಳಿದವರ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಆ ಒಂದೇ ಜಾಗವನ್ನು ನೋಡಿದರೆ ಸಾಕು. ಅದಕ್ಕೇ ಹೇಳುತ್ತೇನೆ, ಕಾಯಿಲೆಯವರು ಬದುಕಿರುವಾಗಲೇ ಕೇಳಿ. ಅವರು ಹೋದ ಮೇಲೆ ಹುಡುಕುವುದು ಕಷ್ಟ. ಅಪ್ಪನ ಬ್ಲಾಕ್ ನಮಗೆ ಸಿಗಲಿಲ್ಲ. 2018ರಲ್ಲಿ ನನಗೂ ತಂಗಿಗೂ ಪರೀಕ್ಷೆ ಆಯಿತು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತಂಗಿಗೆ ಇಲ್ಲ, ಅವಳ ಮಕ್ಕಳಿಗೂ ಇಲ್ಲ. ನನಗೆ ಇದೆ.

ಇದೆ ಎಂದರೆ ಕ್ಯಾನ್ಸರ್ ಬಂದಿದೆ ಎಂದು ಅರ್ಥ ಅಲ್ಲ. ಬರುವ ಸಾಧ್ಯತೆ ಬಹಳ ಜಾಸ್ತಿ, ಆದ್ದರಿಂದ ಕಾಯಬೇಕು. ನನ್ನಂಥವರು 20–25ರ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೊಪಿ, ಅಂದರೆ ಹಿಂದಿನಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕು. ಲಿಂಚ್‌ನಲ್ಲೇ ಬೇರೆ ಕೆಲವು ಜೀನುಗಳಾದರೆ 30–35ರಿಂದ. ಕರುಳಿನಲ್ಲಿ ನೂರಾರು ಪಾಲಿಪ್ ಹುಟ್ಟುವ ಎಫ್‌ಎಪಿ ಎಂಬ ಇನ್ನೊಂದು ಕಾಯಿಲೆ ಇದೆ, ಆ ಮನೆಗಳಲ್ಲಿ ಮಕ್ಕಳಿಗೆ 10–12 ವರ್ಷದಿಂದಲೇ ನೋಡಬೇಕು. ಯಾವ ಮನೆಗೆ ಯಾವುದು ಎಂದು ಡಾಕ್ಟರೇ ಹೇಳಬೇಕು.

ಕೊಲೊನೋಸ್ಕೊಪಿ ಎಂದರೆ ಜನ ಹೆದರುತ್ತಾರೆ, ನಾಚುತ್ತಾರೆ. ನಾನೂ ಹೆದರಿದ್ದೆ. ಅದು ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ಎರಡು ಮೂರು ದಿನ ಮೊದಲಿನಿಂದ ಸೊಪ್ಪು, ಕಾಳು, ರಾಗಿ, ಬೀಜ ಇರುವ ಹಣ್ಣು ಬಿಡಬೇಕು. ಬಿಳಿ ಅನ್ನ ತಿನ್ನಬಹುದು. ಹಿಂದಿನ ದಿನ ತಿಳಿಯಾದ ನೀರು ಪದಾರ್ಥ, ಎಳನೀರು. ನಮ್ಮೂರಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಎರಡು ಗಂಟೆ. ಔಷಧಿ ಕುಡಿದು ಬಸ್ಸು ಹತ್ತುವಂತಿಲ್ಲ, ಹಾಗಾಗಿ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯುತ್ತೇನೆ. ಪುಡಿಯನ್ನು ಎರಡು ಲೀಟರ್ ನೀರಿನಲ್ಲಿ ಕದಡಿ ಕುಡಿಯಬೇಕು. ಉಪ್ಪುಪ್ಪು, ಒಂಥರಾ ಲೋಳೆ ರುಚಿ. ತಣ್ಣಗೆ ಮಾಡಿ ನಿಂಬೆಹಣ್ಣು ಹಿಂಡಿಕೊಂಡರೆ ಇಳಿಯುತ್ತದೆ. ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ. ಕಷ್ಟ ಅಂದರೆ ಅದೇ. ಪರೀಕ್ಷೆಯ ಹೊತ್ತಿಗೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸಂಜೆ ಮನೆಯಲ್ಲಿ ಅನ್ನ ಸಾರು ಉಂಡು ಮಲಗುತ್ತೇನೆ. ಮರುದಿನ ಮಿಷನ್ ಮುಂದೆ ಕೂರುತ್ತೇನೆ.

2018, 2019ರಲ್ಲಿ ಏನೂ ಇರಲಿಲ್ಲ. 2020ರಲ್ಲಿ ಕೊರೊನಾದಿಂದ ಹೋಗಲು ಆಗಲಿಲ್ಲ. 2021ರಲ್ಲಿ ಒಂದು ಪಾಲಿಪ್ ಸಿಕ್ಕಿತು, 8 ಮಿಲಿಮೀಟರ್, ಅಣ್ಣನಿಗೆ ಆಗಿದ್ದ ಅದೇ ಬಲಭಾಗದಲ್ಲಿ. ರಿಪೋರ್ಟಿನಲ್ಲಿ ಅದರ ಬಣ್ಣದ ಫೋಟೋ ಇತ್ತು. ನಸುಗೆಂಪು ಗೋಡೆ, ಅದರ ಮೇಲೆ ಶರ್ಟಿನ ಕಾಲರಿಗೆ ಹಾಕುವ ಸಣ್ಣ ಗುಂಡಿಯಷ್ಟು ಒಂದು ಉಬ್ಬು. ತಂತಿಯ ಕುಣಿಕೆ ಹಾಕಿ ಅಲ್ಲೇ ತೆಗೆದರು. ನನಗೆ ಗೊತ್ತೇ ಆಗಲಿಲ್ಲ. ವಾರದ ನಂತರ ರಿಪೋರ್ಟು ಬಂತು, ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಆ ಫೋಟೋವನ್ನೂ ಅಣ್ಣನ ಅಳತೆಯ ಪುಟದಲ್ಲೇ ಇಟ್ಟಿದ್ದೇನೆ. ಅವತ್ತಿನಿಂದ ಒಂದು ವರ್ಷವೂ ತಪ್ಪಿಸಿಲ್ಲ.

ಇದು ನನ್ನೊಬ್ಬಳ ಅದೃಷ್ಟದ ಮಾತಲ್ಲ. ಫಿನ್ಲೆಂಡಿನಲ್ಲಿ ಇಂಥ ಮನೆತನಗಳವರನ್ನು 15 ವರ್ಷ ನೋಡಿ 2000ದಲ್ಲಿ ವರದಿ ಮಾಡಿದರು. ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡ 133 ಜನರಲ್ಲಿ 8 ಜನಕ್ಕೆ ಕರುಳಿನ ಕ್ಯಾನ್ಸರ್ ಬಂತು, ಯಾರೂ ಅದರಿಂದ ಸಾಯಲಿಲ್ಲ. ಮಾಡಿಸಿಕೊಳ್ಳದ 119 ಜನರಲ್ಲಿ 19 ಜನಕ್ಕೆ ಬಂತು, 9 ಜನ ತೀರಿಕೊಂಡರು. ಅಣ್ಣನ ಮಗ ಇದನ್ನು ಮೊಬೈಲಿನಲ್ಲಿ ಓದಿ ನನಗೆ ಹೇಳಿದ. ದಿನಾ ಆಸ್ಪಿರಿನ್ ತೆಗೆದುಕೊಂಡ ಲಿಂಚ್ ಇರುವವರಲ್ಲಿ ವರ್ಷಗಳ ಮೇಲೆ ಈ ಕ್ಯಾನ್ಸರ್ ಕಡಿಮೆಯಾಯಿತು ಎಂದೂ ಅಧ್ಯಯನ ಆಗಿದೆ. ಆದರೆ ಯಾರೂ ಅದನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು. ಮಾತ್ರೆ ತೆಗೆದುಕೊಂಡರೂ ಸ್ಕೋಪಿ ಬಿಡುವಂತಿಲ್ಲ.

ಈಗ ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕ್ಯಾನ್ಸರ್ ಬಂದ ಮೇಲೆ ಅದು ಎಷ್ಟೋ ಮನೆಗಳನ್ನು ಉಳಿಸಿದೆ, ಅದಕ್ಕೆ ನಾನು ಕೃತಜ್ಞಳು. ಆದರೆ ಬರದಂತೆ ಕಾಯುವ ನನ್ನ ಸ್ಕೋಪಿಗೆ ಪ್ರತಿ ವರ್ಷ ನನ್ನ ಕೈಯಿಂದಲೇ ಹೋಗುತ್ತದೆ. ಹೋದ ಸಲ 9,000 ರೂಪಾಯಿ ಆಯಿತು. ಲೈನಿಂಗ್ ಬ್ಲೌಸಿಗೆ ನಾನು 350 ತೆಗೆದುಕೊಳ್ಳುತ್ತೇನೆ. 26 ಬ್ಲೌಸು ಹೊಲಿದರೆ ಒಂದು ಸ್ಕೋಪಿ. ನಾನು ಹೇಗೋ ಹೊಂದಿಸುತ್ತೇನೆ. ಕೂಲಿಗೆ ಹೋಗುವ ಮನೆಯಲ್ಲಿ ಇಂಥ ನಾಲ್ಕು ಜನ ಇದ್ದರೆ ಏನು ಮಾಡುತ್ತಾರೆ? ಇಂಗ್ಲೆಂಡಿನಲ್ಲಿ ಲಿಂಚ್ ಇರುವವರನ್ನು 2023ರಿಂದ ಸರ್ಕಾರದ ತಪಾಸಣೆ ಪಟ್ಟಿಗೇ ಸೇರಿಸಿ, ಎರಡು ವರ್ಷಕ್ಕೊಮ್ಮೆ ಸ್ಕೋಪಿಗೆ ಕರೆಯುತ್ತಾರೆ. ನಮ್ಮಲ್ಲಿ ಮನೆಮನೆ ತಪಾಸಣೆಯಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್. ಅವು ನಮ್ಮಲ್ಲಿ ಜಾಸ್ತಿ, ಇರಲೇಬೇಕು. ಎಲ್ಲರಿಗೂ ಕೊಲೊನೋಸ್ಕೊಪಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಯಾವ ಮನೆಗಳಿಗೆ ಬೇಕೋ ಆ ಮನೆಗಳನ್ನು ಗುರುತಿಸಿ ಎಂದು ಕೇಳುತ್ತಿದ್ದೇನೆ.

ಇಲಾಖೆಯವರಿಗೆ ಅದು ಬರುತ್ತದೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಬಂದಾಗ ಯಾವ ಊರಿಗೆ ಲಸಿಕೆ, ಯಾರಿಗೆ ಮೈಗೆ ಹಚ್ಚುವ ಎಣ್ಣೆ ಎಂದು ಪಟ್ಟಿ ಹಿಡಿದು ಓಡಾಡಿದರು. ನಮ್ಮ ಮನೆಗಳ ಪಟ್ಟಿಯೂ ಅವರ ಕೈಗೆ ಸಿಗಬೇಕು. ಅದು ಸಿಗಬೇಕಾದರೆ ಮೊದಲು ಯಾರಾದರೂ ಕೇಳಬೇಕಲ್ವಾ?

ಕೇಳಿದರೆ ಜನ ಹೇಳುತ್ತಾರಾ ಎಂಬ ಪ್ರಶ್ನೆ ಇದೆ. ಅತ್ತಿಗೆ ಎಷ್ಟೋ ವರ್ಷ ಮಕ್ಕಳ ಪರೀಕ್ಷೆಗೆ ಒಪ್ಪಲಿಲ್ಲ. "ರಕ್ತದಲ್ಲೇ ಇದೆ ಅಂತ ಊರಿಗೆ ಗೊತ್ತಾದರೆ ನಾಳೆ ಹುಡುಗಿಗೆ ಗಂಡು ಸಿಗುತ್ತಾ?" ಎಂದು ಅಳುತ್ತಿದ್ದರು. ಆ ಭಯ ಸುಳ್ಳು ಎಂದು ನಾನು ಹೇಳಲಾರೆ. ನಮ್ಮ ಕಡೆ ಜಾತಕ ತಿರಸ್ಕರಿಸಲು ಇದಕ್ಕಿಂತ ಸಣ್ಣ ಕಾರಣ ಸಾಕು. ಆದರೆ ಅತ್ತೆಯ ಮನೆಯವರೂ ಇದೇ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದರು. 2006ರಲ್ಲಿ ಅವರು ಒಂದು ಮಾತು ಹೇಳಿದ್ದರೆ, ಅಪ್ಪನದನ್ನೂ ಅತ್ತೆಯದನ್ನೂ ಯಾರಾದರೂ ಜೋಡಿಸಿ ನೋಡಿದ್ದರೆ, ಅಣ್ಣ 28ನೇ ವಯಸ್ಸಿನಿಂದ ಸ್ಕೋಪಿ ಮಾಡಿಸಿಕೊಳ್ಳುತ್ತಿದ್ದ. ಇದನ್ನು ಅತ್ತಿಗೆಗೆ ಒಂದೇ ಸಲ ಹೇಳಿದೆ, ಕೈ ಹಿಡಿದುಕೊಂಡು. ಮತ್ತೆ ಹೇಳಲಿಲ್ಲ. ಈ ಶ್ರಾವಣದಲ್ಲಿ ಅವರೇ ಮಗನನ್ನು ಕರೆದುಕೊಂಡು ಬಂದರು.

ಓದುಗರಲ್ಲಿ ಯಾರ ಮನೆಯಲ್ಲಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಎರಡು ತಲೆಮಾರಿನಲ್ಲಿ ಮೂರು ಜನಕ್ಕೆ ಬಂದಿದ್ದರೆ, ಅಥವಾ ಒಬ್ಬರಿಗೇ ಆದರೂ 50ರೊಳಗೆ ಬಂದಿದ್ದರೆ, ದಯವಿಟ್ಟು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಕರುಳಿನ ಗಡ್ಡೆಯಾದರೆ ಆ ನಾಲ್ಕು ಪ್ರೋಟೀನುಗಳ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆ ಇದಕ್ಕೆಂದೇ ಜೀನ್ ಸಲಹೆಯ ವಿಭಾಗ ಇದೆ. ಪೈಲ್ಸ್ ಎಂದೋ ರಕ್ತ ಕಡಿಮೆ ಎಂದೋ ಮಾತ್ರೆ ತಂದು ತಿಂಗಳುಗಟ್ಟಲೆ ಕೂರಬೇಡಿ.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಎರಡು. ಆಶಾ ಹಾಳೆಯಲ್ಲಿ ಬಿಪಿ, ಶುಗರ್, ಹೃದಯ ಎಂದು ಕೇಳುವ ಸಾಲಿನಲ್ಲಿ ಕ್ಯಾನ್ಸರ್ ಎಂಬ ಪದ ಸೇರಿಸಿ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಎಂದೂ ಬರೆಸಿಕೊಳ್ಳಿ. ಜೀನ್ ತೊಂದರೆ ಖಚಿತವಾದವರಿಗೆ ಸ್ಕೋಪಿಯ ಖರ್ಚು ಸರ್ಕಾರಿ ಕಾರ್ಡಿನಲ್ಲೇ ಸಿಗಲಿ.

ಅವತ್ತು ಬಂದಿದ್ದ ಆಶಾ ಕಾರ್ಯಕರ್ತೆ ನನ್ನ ಮಾತನ್ನೆಲ್ಲ ಕೇಳಿ, ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಂಡರು. "ಅಪ್ಪ, ಅಣ್ಣ: ಕರುಳು. ಅತ್ತೆ: ಗರ್ಭಕೋಶ." ಬರೆದಾದ ಮೇಲೆ, "ಆದರೆ ಕಂಪ್ಯೂಟರಿಗೆ ಹಾಕುವಾಗ ಇದಕ್ಕೆ ಜಾಗ ಇರಲ್ಲ ಅಕ್ಕಾ" ಎಂದರು.

ಅಣ್ಣನ ಮಗನಿಗೆ 22. ಅವನಿಗೂ ಇದೆ. ಮುಂದಿನ ತಿಂಗಳು ಅವನ ಮೊದಲ ಸ್ಕೋಪಿ, ನನ್ನದನ್ನೂ ಅದೇ ದಿನಕ್ಕೆ ಹಾಕಿಸಿಕೊಂಡಿದ್ದೇನೆ. ಹಿಂದಿನ ದಿನ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ.

ಹೆಸರು ಹಾಕದಿರುವುದಕ್ಕೆ ಕ್ಷಮೆಯಿರಲಿ. ನನ್ನ ಹೆಸರು ಹಾಕಲು ನನಗೆ ಅಂಜಿಕೆ ಇಲ್ಲ, ಆದರೆ ಅದು ಅತ್ತಿಗೆಯ ಮಗಳ ಹೆಸರನ್ನೂ ಹೇಳಿದಂತೆ. ಅವಳಿನ್ನೂ 19ರ ಹುಡುಗಿ, ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ಅವಳೇ ನಿರ್ಧರಿಸಬೇಕು.

ಇತಿ,
ಒಬ್ಬ ಟೈಲರ್
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ